ದೋಸೆಯ ರುಚಿ ಬೇರೆ, ಷೇರಿನ ಲೆಕ್ಕ ಬೇರೆ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಮಗ ಮನೆಗೆ ಬಂದ. ಬಿ.ಕಾಂ. ಕೊನೆಯ ವರ್ಷದ ಹುಡುಗ. ಚಪ್ಪಲಿ ಬಿಡುತ್ತಲೇ, "ಚಿಕ್ಕಮ್ಮ, ಒಂದು ವಿಷಯ ಕೇಳ್ಬೇಕು. ಆದ್ರೆ ಅಮ್ಮಂಗೆ ಹೇಳ್ಬಾರ್ದು" ಎಂದ. ಹೀಗೆ ಶುರುವಾಗುವ ಮಾತು ಸಾಮಾನ್ಯವಾಗಿ ದುಡ್ಡಿಗೇ ಹೋಗಿ ನಿಲ್ಲುತ್ತದೆ. ಅಂದೂ ಹಾಗೇ ಆಯಿತು.

ಅವನ ಅಜ್ಜಿ, ಅಂದರೆ ನನ್ನ ಅಮ್ಮ, ಪಿಂಚಣಿಯಲ್ಲಿ ತಿಂಗಳು ತಿಂಗಳೂ ಉಳಿಸಿ ಮೊಮ್ಮಗನ ಲ್ಯಾಪ್‌ಟಾಪಿಗೆಂದು 40 ಸಾವಿರ ರೂಪಾಯಿ ಕೊಟ್ಟಿದ್ದರು. ಈಗ ಅಷ್ಟೂ ಹಣವನ್ನು ಒಂದು ರೆಸ್ಟೊರೆಂಟ್ ಕಂಪನಿಯ ಷೇರಿಗೆ ಹಾಕಬೇಕೆಂದು ಇವನ ಆಸೆ. ಟೀವಿಯಲ್ಲಿ ಬಂದ ತಜ್ಞರೊಬ್ಬರು ಮೂರು ತಿಂಗಳಲ್ಲಿ ಬೆಲೆ ಒಂದೂವರೆ ಪಟ್ಟು ಆಗುತ್ತದೆ ಎಂದಿದ್ದರಂತೆ. ಯೂಟ್ಯೂಬಿನಲ್ಲೂ ಅದೇ ಮಾತಂತೆ. ಆಗ ಇನ್ನೂ ಒಳ್ಳೆಯ ಲ್ಯಾಪ್‌ಟಾಪ್ ಕೊಳ್ಳಬಹುದಲ್ಲ!

"ಆ ಕಂಪನಿಗೆ ಹೋದ ವರ್ಷ ಲಾಭ ಬಂತಾ, ನಷ್ಟ ಆಯ್ತಾ?" ಎಂದು ಕೇಳಿದೆ. ಗೊತ್ತಿಲ್ಲ ಎಂದ.

"ಎಷ್ಟು ಊರಲ್ಲಿ ಎಷ್ಟು ಅಂಗಡಿ ಇದೆ?" ಅದೂ ಗೊತ್ತಿರಲಿಲ್ಲ.

"ನೀನು ಕೊಂಡ ಮಾರನೇ ವಾರ ಬೆಲೆ ಕಾಲು ಭಾಗ ಇಳಿದ್ರೆ ಏನ್ಮಾಡ್ತೀಯ?"

"ಅವರೇ ಹೇಳ್ತಾರಲ್ಲ ಚಿಕ್ಕಮ್ಮ, ಇಟ್ಕೋಬೇಕಾ ಮಾರ್ಬೇಕಾ ಅಂತ."

"ಅವರು ಮಾರು ಅನ್ನೋ ಹೊತ್ತಿಗೆ ನೀನು ಪರೀಕ್ಷೆ ಹಾಲಲ್ಲಿ ಕೂತಿದ್ರೆ?"

ಹುಡುಗ ಸುಮ್ಮನಾದ. ನಾನು ಬೇಡ ಎನ್ನಲಿಲ್ಲ. ಬೇಡ ಎಂದರೆ ಮನೆಗೆ ಹೋಗಿ ಮೊಬೈಲಿನಲ್ಲಿ ಒಂದು ಗುಂಡಿ ಒತ್ತುವುದು ಎಷ್ಟು ಹೊತ್ತಿನ ಕೆಲಸ? "ನಡಿ, ತಿಂಡಿ ತಿಂದ್ಕೊಂಡು ಬರೋಣ. ನೋಟ್‌ಬುಕ್ ತಗೋ" ಎಂದೆ. ಆ ನೋಟ್‌ಬುಕ್ಕಿನಲ್ಲಿ ಬರೆದದ್ದೇ ಈ ವಾರದ ನಮ್ಮ ಅಂಕಣ.

ಸುದ್ದಿ ಎಷ್ಟು ಕೈ ದಾಟಿ ಬಂತು?

ಮೊದಲು ಟೀವಿಯ ವಿಚಾರ ಮುಗಿಸಿಬಿಡೋಣ. ಪರದೆಯ ಮೇಲೆ ಮಾತಾಡುವವರೆಲ್ಲ ಮೋಸಗಾರರಲ್ಲ. ಆದರೆ ಅವರ ಮಾತು ನಿಮ್ಮ ಕಿವಿಗೆ ಬೀಳುವ ಹೊತ್ತಿಗೆ ಲಕ್ಷಾಂತರ ಜನರ ಕಿವಿಗೂ ಬಿದ್ದಿರುತ್ತದೆ. ಕೆಲವೊಮ್ಮೆ ಇನ್ನೂ ಮೊದಲೇ ಯಾರದೋ ಕಿವಿಗೆ ಬಿದ್ದಿರುತ್ತದೆ. 2024ರ ಫೆಬ್ರವರಿಯಲ್ಲಿ ಷೇರುಪೇಟೆಯ ಕಾವಲುಗಾರ ಸಂಸ್ಥೆಯಾದ ಸೆಬಿ ಒಂದು ಮಧ್ಯಂತರ ಆದೇಶ ಹೊರಡಿಸಿತು. ಹಿಂದಿಯ ವ್ಯಾಪಾರ ವಾಹಿನಿಯೊಂದಕ್ಕೆ ಅತಿಥಿಗಳಾಗಿ ಬರುತ್ತಿದ್ದ ಕೆಲವು ತಜ್ಞರು, ತಾವು ಯಾವ ಷೇರು ಕೊಳ್ಳಲು ಹೇಳುತ್ತೇವೆ ಎಂಬುದನ್ನು ಕಾರ್ಯಕ್ರಮಕ್ಕೆ ಮೊದಲೇ ಬೇರೆಯವರಿಗೆ ತಿಳಿಸುತ್ತಿದ್ದರು ಎಂಬುದು ಆರೋಪ. ಅವರು ಮುಂಚೆಯೇ ಕೊಂಡಿಟ್ಟುಕೊಂಡು, ಟೀವಿ ನೋಡಿದ ಜನ ಮುಗಿಬಿದ್ದು ಕೊಳ್ಳುವಾಗ ಮಾರುತ್ತಿದ್ದರಂತೆ. ಹೀಗೆ ಗಳಿಸಿದ್ದು ಎನ್ನಲಾದ 7 ಕೋಟಿ 41 ಲಕ್ಷ ರೂಪಾಯಿಯನ್ನು ಜಪ್ತಿ ಮಾಡಲು ಸೆಬಿ ಆದೇಶಿಸಿತು. ಅಂಥ ಕಡೆ ಕೊಳ್ಳುವವರ ಸಾಲಿನಲ್ಲಿ ಕೊನೆಗೆ ನಿಂತವರು ನಮ್ಮಂಥವರೇ.

ಯಾರೂ ಮೋಸ ಮಾಡದಿದ್ದಾಗಲೂ ಗದ್ದಲವೇ ನಮ್ಮನ್ನು ದಾರಿ ತಪ್ಪಿಸಬಹುದು. 2020ರ ಡಿಸೆಂಬರ್ ನೆನಪಿಸಿಕೊಳ್ಳಿ. ಬರ್ಗರ್ ಕಿಂಗ್ ಇಂಡಿಯಾ ಕಂಪನಿ ಷೇರಿಗೆ 60 ರೂಪಾಯಿಯಂತೆ ಸಾರ್ವಜನಿಕರಿಗೆ ಬಿಡುಗಡೆ ಮಾಡಿತು. ಇದ್ದ ಷೇರುಗಳ 150 ಪಟ್ಟಿಗೂ ಹೆಚ್ಚು ಬೇಡಿಕೆ ಬಂತು. ಪೇಟೆಯಲ್ಲಿ ವಹಿವಾಟು ಶುರುವಾದ ದಿನವೇ ಬೆಲೆ ದುಪ್ಪಟ್ಟು ದಾಟಿತು. ಅದೇ ವಾರ 200 ರೂಪಾಯಿಯನ್ನೂ ಮೀರಿತು. ಎಲ್ಲಿ ನೋಡಿದರೂ ಅದೇ ಸುದ್ದಿ. ಆ ಸುದ್ದಿ ನೋಡಿ 200ಕ್ಕೆ ಕೊಂಡವರ ಗತಿ? ಕಂಪನಿ ಆಮೇಲೆ ರೆಸ್ಟೊರೆಂಟ್ ಬ್ರ್ಯಾಂಡ್ಸ್ ಏಷ್ಯಾ ಎಂದು ಹೆಸರು ಬದಲಿಸಿಕೊಂಡಿತು. 2025ರಲ್ಲೂ ಆ ಷೇರು 100 ರೂಪಾಯಿಯ ಕೆಳಗೇ ಇತ್ತು.

ಕಂಪನಿ ಏನನ್ನೂ ಮುಚ್ಚಿಟ್ಟಿರಲಿಲ್ಲ. ಷೇರು ಬಿಡುಗಡೆಗೆ ಮೊದಲು ಪ್ರಕಟಿಸಬೇಕಾದ ಪ್ರಾಸ್ಪೆಕ್ಟಸ್ ಎಂಬ ದಪ್ಪ ಪುಸ್ತಕದಲ್ಲಿ ಎಲ್ಲ ಇತ್ತು. ಹಿಂದಿನ ಮೂರೂ ವರ್ಷ ನಷ್ಟ. 2019-20ರಲ್ಲಿ ಸುಮಾರು 76 ಕೋಟಿ ರೂಪಾಯಿ ನಷ್ಟ. 2026ರ ಕೊನೆಯೊಳಗೆ 700 ಅಂಗಡಿ ತೆರೆಯಲೇಬೇಕೆಂಬ ಒಪ್ಪಂದ. ನಷ್ಟದಲ್ಲಿರುವವನು ಇನ್ನೂ ನೂರಾರು ಅಂಗಡಿ ತೆರೆಯಬೇಕಾದರೆ ದುಡ್ಡು ಎಲ್ಲಿಂದ, ಲಾಭ ಯಾವಾಗ ಎಂದು ಯಾರಾದರೂ ಕೇಳಬಹುದಿತ್ತು. ಕೊಂಡವರಲ್ಲಿ ಆ ಪುಸ್ತಕ ತೆರೆದವರು ಎಷ್ಟು ಮಂದಿಯೋ.

ಅರ್ಧ ಗಂಟೆಯಲ್ಲಿ ಎಷ್ಟು ಟೋಕನ್?

ನಮ್ಮ ರಸ್ತೆಯ ಮೂಲೆಯಲ್ಲೊಂದು ದರ್ಶಿನಿ ಇದೆ. ಭಾನುವಾರ ಬೆಳಿಗ್ಗೆ ನಿಲ್ಲಲೂ ಜಾಗ ಇರುವುದಿಲ್ಲ. ಕ್ಯಾಷ್ ಕೌಂಟರಿನ ಪಕ್ಕ ನಿಂತು ಅರ್ಧ ಗಂಟೆಯಲ್ಲಿ ಎಷ್ಟು ಬಿಲ್ ಆಗುತ್ತದೆ ಎಣಿಸು ಎಂದೆ. ದೋಸೆ ಆರುವ ಮೊದಲು ಲೆಕ್ಕ ಮುಗಿಯಿತು: 60 ಬಿಲ್. ಒಂದೊಂದಕ್ಕೆ ಸರಾಸರಿ 80 ರೂಪಾಯಿ ಎಂದರೆ ಅರ್ಧ ಗಂಟೆಗೆ 4,800. ದಿನಕ್ಕೆ ಆರು ಗಂಟೆ ಹೀಗೇ ನಡೆದರೆ 57,600. ತಿಂಗಳಿಗೆ ಹದಿನೇಳು ಲಕ್ಷ!

"ಚಿಕ್ಕಮ್ಮ, ಭಟ್ರು ಕೋಟ್ಯಧಿಪತಿ!" ಎಂದು ಕಣ್ಣರಳಿಸಿದ.

ಮಂಗಳವಾರ ಮಧ್ಯಾಹ್ನ ಮೂರಕ್ಕೆ ಮತ್ತೆ ಹೋಗಿ ಬಾ ಎಂದೆ. ಹೋಗಿ ಬಂದ. ಅರ್ಧ ಗಂಟೆಗೆ ಒಂಬತ್ತೇ ಬಿಲ್, ಅದರಲ್ಲಿ ಅರ್ಧ ಬರೀ ಕಾಫಿ. ಭಾನುವಾರದ ನೂಕುನುಗ್ಗಲನ್ನು ಮೂವತ್ತರಿಂದ ಗುಣಿಸಿದರೆ ತಿಂಗಳಾಗುವುದಿಲ್ಲ ಎಂಬುದು ಅವನಿಗೆ ನಾನು ಹೇಳದೆಯೇ ಗೊತ್ತಾಯಿತು.

ಆಮೇಲೆ ಖರ್ಚಿನ ಕಡೆ ಬಂದೆವು. ಅಕ್ಕಿ, ಉದ್ದು, ಎಣ್ಣೆ, ಹಾಲು, ಗ್ಯಾಸ್, ಕರೆಂಟು, ಕೆಲಸದವರ ಸಂಬಳ, ಅವರ ಊಟ, ರೂಮು. ಎಲ್ಲದರ ಮೇಲೆ ಬಾಡಿಗೆ. ಜನ ಬಂದರೂ ಬರದಿದ್ದರೂ ಬಾಡಿಗೆ ತಪ್ಪುವುದಿಲ್ಲ. ಇನ್ನೊಂದು ಸಂಗತಿ ಬಹಳ ಮಂದಿಗೆ ತಿಳಿದಿಲ್ಲ. 2017ರ ನವೆಂಬರ್‌ನಿಂದ ಸಾಮಾನ್ಯ ಹೊಟೇಲುಗಳ ಬಿಲ್ಲಿಗೆ ಶೇ 5 ಜಿಎಸ್‌ಟಿ. ಆದರೆ ಹೊಟೇಲಿನವರು ಬಾಡಿಗೆ, ಸಾಮಾನು ಮುಂತಾದವುಗಳ ಮೇಲೆ ತಾವು ಕಟ್ಟಿದ ಜಿಎಸ್‌ಟಿಯನ್ನು ಅದರಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ಅದು ಅವರ ಖರ್ಚಿಗೇ ಸೇರುತ್ತದೆ. ಮೂಲೆಯ ದರ್ಶಿನಿಗೂ ಷೇರುಪೇಟೆಯ ದೊಡ್ಡ ಸರಪಳಿಗೂ ಇದು ಒಂದೇ.

ಹೊಟೇಲು ಷೇರುಗಳಲ್ಲಿ ನಮ್ಮಂಥ ಸಾಮಾನ್ಯರಿಗೆ ಇರುವ ಅನುಕೂಲ ಇದೇ. ಔಷಧ ಕಂಪನಿಯ ಪ್ರಯೋಗಾಲಯಕ್ಕೆ ನಮ್ಮನ್ನು ಬಿಡುವುದಿಲ್ಲ. ಹೊಟೇಲಿನ ಬಾಗಿಲು ಯಾರಿಗೂ ತೆರೆದಿರುತ್ತದೆ. ಕುರ್ಚಿ ಖಾಲಿಯಿದೆಯೇ, ಬೆಲೆ ಏರಿದೆಯೇ, ಒಮ್ಮೆ ಬಂದವರು ಮತ್ತೆ ಬರುತ್ತಾರೆಯೇ ಎಂದು ಕಣ್ಣಾರೆ ನೋಡಬಹುದು. ಆದರೆ ಕಣ್ಣಿಗೆ ಕಾಣುವುದು ಅರ್ಧ ಮಾತ್ರ. ಇನ್ನರ್ಧ ಕಾಗದದಲ್ಲಿದೆ.

ಕಾಗದ ಸಿಗುವುದು ಎಲ್ಲಿ?

ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ವಾರ್ಷಿಕ ವರದಿ, ಮೂರು ತಿಂಗಳಿಗೊಮ್ಮೆ ಲೆಕ್ಕ ಪ್ರಕಟಿಸಲೇಬೇಕು. ಮುಂಬೈ ಷೇರುಪೇಟೆ ಬಿಎಸ್‌ಇ, ರಾಷ್ಟ್ರೀಯ ಷೇರುಪೇಟೆ ಎನ್‌ಎಸ್‌ಇ ಇವುಗಳ ಜಾಲತಾಣದಲ್ಲಿ, ಕಂಪನಿಯ ಜಾಲತಾಣದಲ್ಲಿ ಅವು ಬಿಟ್ಟಿ ಸಿಗುತ್ತವೆ. ಹೊಸದಾಗಿ ಪೇಟೆಗೆ ಬರುವ ಕಂಪನಿಗಳ ಪ್ರಾಸ್ಪೆಕ್ಟಸ್ ಸೆಬಿ ಜಾಲತಾಣದಲ್ಲೂ ಇರುತ್ತದೆ. ನೂರಾರು ಪುಟ ಎಂದು ಹೆದರಬೇಡಿ. ಐದು ಪ್ರಶ್ನೆ ಹಿಡಿದುಕೊಂಡು ಹೋದರೆ ಓದಬೇಕಾದ ಪುಟಗಳು ತಾವಾಗಿ ಸಿಗುತ್ತವೆ.

ಒಂದು: ನಾನು ಕೊಳ್ಳುತ್ತಿರುವುದು ನಿಜಕ್ಕೂ ಏನು?

ನಗಬೇಡಿ, ಇಲ್ಲೇ ಹೆಚ್ಚು ಜನ ಎಡವುತ್ತಾರೆ. 2025ರ ನವೆಂಬರ್‌ನಲ್ಲಿ ಒರ್ಕ್ಲಾ ಇಂಡಿಯಾ ಎಂಬ ಕಂಪನಿ ಷೇರುಪೇಟೆಗೆ ಬಂತು. ಎಂಟಿಆರ್ ಹೆಸರಿನ ಪೊಟ್ಟಣಗಳು ಈ ಕಂಪನಿಯವು. ಲಾಲ್‌ಬಾಗ್ ರಸ್ತೆಯ ಎಂಟಿಆರ್ ಹೊಟೇಲಿನ ರವೆ ಇಡ್ಲಿ ನೆನೆದು ಇದನ್ನು ಕೊಂಡವರಿಗೆ ಹೊಟೇಲಿನ ಒಂದು ಇಡ್ಲಿಯ ಪಾಲೂ ಸಿಗುವುದಿಲ್ಲ. 1924ರಲ್ಲಿ ಶುರುವಾದ ಹೊಟೇಲು ಬೇರೆ. 2007ರಲ್ಲಿ ನಾರ್ವೆ ದೇಶದ ಒರ್ಕ್ಲಾ ಕೊಂಡ ಮಸಾಲೆ ಪುಡಿ, ಮಿಕ್ಸ್‌ಗಳ ವ್ಯವಹಾರ ಬೇರೆ. ಪುಡಿಯ ವ್ಯಾಪಾರ ಕೆಟ್ಟದ್ದೆಂದಲ್ಲ. ಅದನ್ನು ಪುಡಿಯ ವ್ಯಾಪಾರವೆಂದೇ ಅಳೆಯಬೇಕು, ಇಡ್ಲಿಯ ಪ್ರೀತಿಯಿಂದಲ್ಲ.

ವಿದೇಶಿ ಹೆಸರಿನ ಸರಪಳಿಗಳಲ್ಲೂ ಹೀಗೇ. ಭಾರತದ ಡೋಮಿನೋಸ್ ಅಂಗಡಿಗಳನ್ನು ನಡೆಸುವುದು ಜುಬಿಲಂಟ್ ಫುಡ್‌ವರ್ಕ್ಸ್. ಬೆಂಗಳೂರು, ಮೈಸೂರಿನ ಮೆಕ್‌ಡೊನಾಲ್ಡ್ಸ್ ನಡೆಸುವುದು ವೆಸ್ಟ್‌ಲೈಫ್ ಕಂಪನಿ. ಅದರ ಪಾಲಿಗೆ ಬಂದಿರುವುದು ಪಶ್ಚಿಮ ಮತ್ತು ದಕ್ಷಿಣ ಭಾರತ ಮಾತ್ರ, ದೆಹಲಿಯ ಅಂಗಡಿ ಅದರದ್ದಲ್ಲ. ಹೆಸರು ಬಳಸಿಕೊಂಡದ್ದಕ್ಕೆ ಮಾರಾಟದ ಒಂದು ಪಾಲನ್ನು ಇವು ಮೂಲ ಕಂಪನಿಗೆ ರಾಯಧನವಾಗಿ ಕೊಡಬೇಕು.

ಎರಡು: ಹಳೆಯ ಅಂಗಡಿಗಳಲ್ಲಿ ವ್ಯಾಪಾರ ಬೆಳೆಯುತ್ತಿದೆಯೇ?

ಮಕ್ಕಳೂ ಮಾಡಬಹುದಾದ ಲೆಕ್ಕ ಇದು. ಒಂದು ಕಂಪನಿಗೆ ಹೋದ ವರ್ಷ 10 ಅಂಗಡಿ, ಒಟ್ಟು ಮಾರಾಟ 10 ಕೋಟಿ. ಈ ವರ್ಷ ಹೊಸದಾಗಿ 5 ಅಂಗಡಿ ತೆರೆಯಿತು, ಮಾರಾಟ 12 ಕೋಟಿ ಆಯಿತು. ಟೀವಿಯಲ್ಲಿ "ಮಾರಾಟ ಶೇ 20 ಏರಿಕೆ" ಎಂದು ದೊಡ್ಡ ಅಕ್ಷರದಲ್ಲಿ ಬರುತ್ತದೆ. ಆದರೆ ಹೊಸ ಐದು ಅಂಗಡಿಗಳಲ್ಲೇ 3 ಕೋಟಿ ಬಂದಿದ್ದರೆ ಹಳೆಯ ಹತ್ತರಲ್ಲಿ ಬಂದದ್ದು 9 ಕೋಟಿ. ಅಂದರೆ ಹಳೆಯ ಅಂಗಡಿಗಳ ವ್ಯಾಪಾರ ಶೇ 10 ಇಳಿದಿದೆ! ಒಮ್ಮೆ ಬಂದವರು ಮತ್ತೆ ಬರುತ್ತಿಲ್ಲ ಎಂದರ್ಥ. ದೊಡ್ಡ ಸರಪಳಿಗಳು ಈ ಹಳೆ ಅಂಗಡಿಗಳ ಬೆಳವಣಿಗೆಯ ಅಂಕಿಯನ್ನು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಪ್ರತ್ಯೇಕವಾಗಿ ಕೊಡುತ್ತವೆ. ಹುಡುಕಿ ಓದಬೇಕು, ಅಷ್ಟೆ.

ಜುಬಿಲಂಟ್ 2010ರಲ್ಲಿ ಷೇರಿಗೆ 145 ರೂಪಾಯಿಯಂತೆ ಪೇಟೆಗೆ ಬಂತು. ಹೊಸ ಅಂಗಡಿ ತೆರೆಯುತ್ತಲೇ ಇದ್ದರೂ 2013ರ ನಂತರ ಕೆಲವು ವರ್ಷ ಅದರ ಹಳೆಯ ಅಂಗಡಿಗಳ ವ್ಯಾಪಾರ ಹೆಚ್ಚೂಕಡಿಮೆ ನಿಂತಲ್ಲೇ ನಿಂತಿತ್ತು; ನಡುವೆ ಕುಗ್ಗಿದ್ದೂ ಉಂಟು. 2017-18ರಲ್ಲಿ ಅದೇ ಅಂಕಿ ಎರಡಂಕಿಗೆ ಏರಿತು. ಟೀವಿಯಲ್ಲಿ ಯಾರು ಏನಂದರು ಎಂಬುದಕ್ಕಿಂತ ಆ ಒಂದು ಅಂಕಿಯನ್ನು ಮೂರು ತಿಂಗಳಿಗೊಮ್ಮೆ ಬರೆದಿಟ್ಟುಕೊಂಡವನಿಗೆ ಗಾಳಿ ತಿರುಗಿದ್ದು ಮೊದಲು ಗೊತ್ತಾಗಿರುತ್ತದೆ. ಬಿಡುಗಡೆಯಲ್ಲಿ ಕೊಂಡು ಕೆಟ್ಟ ವರ್ಷಗಳಲ್ಲೂ ಇಟ್ಟುಕೊಂಡವರ ಹಣ ಹದಿನೈದು ವರ್ಷದಲ್ಲಿ ಹತ್ತು ಪಟ್ಟಿಗೂ ಮೀರಿ ಬೆಳೆಯಿತು. ಆ ತಾಳ್ಮೆ ಟೀವಿಯ ಮಾತು ಕೇಳಿ ಕೊಂಡವರಿಗೆ ಬರುವುದು ಕಷ್ಟ. ಯಾಕೆ ಕೊಂಡೆ ಎಂದೇ ಗೊತ್ತಿಲ್ಲದವನು ಯಾಕೆ ಇಟ್ಟುಕೊಳ್ಳಬೇಕು ಎಂದು ಹೇಗೆ ತಿಳಿದಾನು?

ಮೂರು: ಬಾಡಿಗೆ ಕಳೆದ ಮೇಲೆ ಉಳಿಯುವುದೆಷ್ಟು?

2019ರ ಏಪ್ರಿಲ್‌ನಿಂದ ಕಂಪನಿಗಳ ಲೆಕ್ಕದ ನಿಯಮವೊಂದು ಬದಲಾಗಿದೆ. ಹಲವು ವರ್ಷದ ಕರಾರಿನ ಬಾಡಿಗೆಯ ಹೆಚ್ಚಿನ ಪಾಲು ಈಗ ಲಾಭನಷ್ಟದ ಪಟ್ಟಿಯಲ್ಲಿ 'ಬಾಡಿಗೆ' ಎಂದು ಕಾಣುವುದಿಲ್ಲ. ಸವಕಳಿ ಮತ್ತು ಬಡ್ಡಿ ಎಂಬ ಎರಡು ಹೆಸರಿನಲ್ಲಿ ಕೆಳಗೆ ಕೂತಿರುತ್ತದೆ. ಸುದ್ದಿಯಲ್ಲಿ ಕೊಂಡಾಡುವ 'ಎಬಿಟ್ಡಾ' ಎಂಬ ಲಾಭ ಬಡ್ಡಿ, ತೆರಿಗೆ, ಸವಕಳಿಗಳನ್ನು ಕಳೆಯುವ ಮೊದಲಿನದು. ಬಾಡಿಗೆಯೇ ದೊಡ್ಡ ಖರ್ಚಾಗಿರುವ ಹೊಟೇಲಿನಲ್ಲಿ ಆ ಲಾಭ ಉಬ್ಬಿ ಕಾಣುವುದು ಸಹಜ. ಎಲ್ಲ ಕಳೆದು ಕೊನೆಯ ಸಾಲಿನಲ್ಲಿ ಉಳಿಯುವ ನಿವ್ವಳ ಲಾಭ ನೋಡಿ. ಜೊತೆಗೆ ನಗದು ಹರಿವಿನ ಪಟ್ಟಿಯಲ್ಲಿ ಗುತ್ತಿಗೆ ಬಾಬ್ತು ಎಷ್ಟು ಹಣ ಹೋಗಿದೆ ಎಂದೂ ನೋಡಿ.

ನಾಲ್ಕು: ಸಾಲ ಎಷ್ಟಿದೆ?

ಇದನ್ನು ಬರೆಯುವಾಗ ಸ್ವಲ್ಪ ಸಂಕಟವಾಗುತ್ತದೆ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆಯಿತು. ಚಿಕ್ಕಮಗಳೂರಿನ ಕಾಫಿಯನ್ನು ದೇಶದ ಹುಡುಗ ಹುಡುಗಿಯರಿಗೆಲ್ಲ ಕುಡಿಸಿದ ಹೆಸರು ಅದು. 2015ರಲ್ಲಿ ಅದರ ಒಡೆತನದ ಕಾಫಿ ಡೇ ಎಂಟರ್‌ಪ್ರೈಸಸ್ ಷೇರಿಗೆ 328 ರೂಪಾಯಿಯಂತೆ 1,150 ಕೋಟಿ ರೂಪಾಯಿ ಎತ್ತಿತು. ನಮ್ಮ ಕಾಫಿ ಎಂಬ ಅಭಿಮಾನದಿಂದಲೇ ಕೊಂಡವರು ಇದ್ದರು. ಪ್ರಾಸ್ಪೆಕ್ಟಸ್ ತೆರೆದಿದ್ದರೆ ಎರಡು ವಿಷಯ ತಿಳಿಯುತ್ತಿತ್ತು. ಎತ್ತುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಹಳೆಯ ಸಾಲ ತೀರಿಸಲು. ಮತ್ತೆ, ಆ ಕಂಪನಿಯ ಹೊಟ್ಟೆಯಲ್ಲಿ ಕಾಫಿಯ ಜೊತೆಗೆ ಟೆಕ್ ಪಾರ್ಕ್, ಸರಕು ಸಾಗಣೆ, ಹಣಕಾಸು ವ್ಯವಹಾರ ಎಲ್ಲವೂ ಇತ್ತು. ಮೊದಲ ದಿನವೇ ಬೆಲೆ 300ರ ಕೆಳಗೆ ಇಳಿಯಿತು. 2019ರ ಜುಲೈನಲ್ಲಿ ಸಂಸ್ಥಾಪಕ ವಿ.ಜಿ. ಸಿದ್ಧಾರ್ಥ ತೀರಿಕೊಂಡದ್ದು ನಾಡಿಗೇ ನೋವು ತಂದ ಸಂಗತಿ. ಆಮೇಲೆ ಸಾಲ ತೀರಿಸಲು ಬೆಂಗಳೂರಿನ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕನ್ನೇ ಮಾರಬೇಕಾಯಿತು. ಷೇರಿನ ಬೆಲೆ ಎರಡಂಕಿಗೆ ಇಳಿಯಿತು. ಕಾಫಿ ಚೆನ್ನಾಗಿಯೇ ಇತ್ತು. ಭಾರವಾದದ್ದು ಸಾಲ.

ಐದು: ಕೇಳುತ್ತಿರುವ ಬೆಲೆ ಹೆಚ್ಚಾಯಿತೇ?

60 ರೂಪಾಯಿಯ ಷೇರು ಅಗ್ಗ, ಸಾವಿರ ರೂಪಾಯಿಯದು ದುಬಾರಿ ಎಂದುಕೊಳ್ಳುವುದು ತಪ್ಪು. ಷೇರಿನ ಬೆಲೆಯನ್ನು ಒಟ್ಟು ಷೇರುಗಳ ಸಂಖ್ಯೆಯಿಂದ ಗುಣಿಸಿ; ಅದು ಇಡೀ ಕಂಪನಿಗೆ ಪೇಟೆ ಕಟ್ಟಿದ ಬೆಲೆ. ಅದನ್ನು ವರ್ಷದ ಲಾಭದಿಂದ ಭಾಗಿಸಿ. ನೂರು ಎಂದು ಬಂದರೆ ಹೀಗೆ ಯೋಚಿಸಿ: ವರ್ಷಕ್ಕೆ 1 ಲಕ್ಷ ಉಳಿಯುವ ನಿಮ್ಮ ಬೀದಿಯ ಹೊಟೇಲನ್ನು 1 ಕೋಟಿ ಕೊಟ್ಟು ಕೊಳ್ಳುತ್ತೀರಾ? ಲಾಭ ಬಹಳ ವೇಗವಾಗಿ ಬೆಳೆಯುತ್ತದೆಂಬ ಆಧಾರ ಇದ್ದರೆ ಕೊಳ್ಳಬಹುದೇನೋ. ಆ ಆಧಾರ ನಿಮ್ಮ ನೋಟ್‌ಬುಕ್ಕಿನಲ್ಲಿ ಇರಬೇಕು.

ಕೊನೆಗೆ ಏನಾಯಿತು?

ಹುಡುಗ ಎರಡು ವಾರ ಕೂತು ತನ್ನ ಆ ಕಂಪನಿಯ ಮೂರು ವರ್ಷದ ವರದಿ ಓದಿದ. ಅರ್ಥವಾಗದ ಕಡೆ ಕಾಲೇಜಿನ ಮೇಷ್ಟ್ರನ್ನು ಕೇಳಿದ. ಆಮೇಲೆ ಫೋನ್ ಮಾಡಿದ. "ಚಿಕ್ಕಮ್ಮ, ಮೂರು ವರ್ಷದಲ್ಲಿ ಎರಡು ವರ್ಷ ನಷ್ಟ. ಅಂಗಡಿ ಜಾಸ್ತಿ ಆಗಿದೆ, ಹಳೇ ಅಂಗಡೀಲಿ ವ್ಯಾಪಾರ ಇಳಿದಿದೆ. ಸಾಲಾನೂ ಏರಿದೆ. ಟೀವೀಲಿ ಇದು ಯಾವುದನ್ನೂ ಹೇಳ್ಲೇ ಇಲ್ಲ."

"ಹಾಗಾದ್ರೆ ಏನ್ಮಾಡ್ತೀಯ?"

"ಲ್ಯಾಪ್‌ಟಾಪ್ ತಗೋತೀನಿ. ಜೂನಲ್ಲಿ ಬೇಕೇ ಬೇಕು. ಮೂರು ತಿಂಗಳಲ್ಲಿ ಬೇಕಾಗೋ ದುಡ್ಡನ್ನ ಷೇರಿಗೆ ಹಾಕೋದೇ ತಪ್ಪು ಅಲ್ವಾ?"

ಆ ಮಾತನ್ನು ನಾನು ಹೇಳಿಕೊಟ್ಟಿರಲಿಲ್ಲ. ಎಷ್ಟೇ ಒಳ್ಳೆಯ ಕಂಪನಿಯಾದರೂ ಮೂರು ತಿಂಗಳಲ್ಲಿ ಬೆಲೆ ಎತ್ತ ಹೋಗುತ್ತದೆಂದು ಯಾರೂ ಬರೆದುಕೊಡಲಾರರು. ದಿನಾಂಕ ಗೊತ್ತಿರುವ ಖರ್ಚಿಗೆ ಇಟ್ಟ ಹಣ ಬ್ಯಾಂಕಿನಲ್ಲೇ ಇರಬೇಕು.

ಈಗ ಅವನು ಸಂಜೆ ಇಬ್ಬರು ಹುಡುಗರಿಗೆ ಪಾಠ ಹೇಳಿ ಸ್ವಲ್ಪ ದುಡಿಯುತ್ತಾನೆ. ಆ ಹಣದಲ್ಲಿ ಸ್ವಲ್ಪ ಎತ್ತಿಟ್ಟು, ಒಂದು ವರ್ಷ ಎರಡು ಹೊಟೇಲು ಕಂಪನಿಗಳ ಲೆಕ್ಕವನ್ನು ಸುಮ್ಮನೆ ಬರೆದುಕೊಂಡು ಹೋಗಿ, ಆಮೇಲೆ ಯೋಚಿಸುತ್ತಾನಂತೆ. ಮೊನ್ನೆ ಅಜ್ಜಿ ಕೇಳಿದರು, "ನನ್ನ ದುಡ್ಡು ಏನ್ಮಾಡ್ದೆ ಪುಟ್ಟ?" ಎಂದು. ಹೊಸ ಲ್ಯಾಪ್‌ಟಾಪ್ ತೆರೆದು ತೋರಿಸಿದ. ಅದರಲ್ಲಿ ಯಾವುದೋ ಕಂಪನಿಯ ವಾರ್ಷಿಕ ವರದಿ ತೆರೆದಿತ್ತು. ಅಜ್ಜಿಗೆ ಅದರಲ್ಲಿದ್ದ ಪಿಜ್ಜಾದ ಚಿತ್ರ ಮಾತ್ರ ಕಂಡಿತು. "ಓದೋದು ಬಿಟ್ಟು ತಿಂಡಿ ನೋಡ್ತಾ ಕೂತಿದೀಯಲ್ಲೋ" ಎಂದು ಗದರಿದರು.

ಈ ವಾರದ ಮನೆಗೆಲಸ: ಮುಂದಿನ ಸಲ ಮನೆಯವರೆಲ್ಲ ಹೊಟೇಲಿಗೆ ಹೋದಾಗ ಮಕ್ಕಳು ಅರ್ಧ ಗಂಟೆ ಬಿಲ್‌ಗಳನ್ನು ಎಣಿಸಲಿ. ಬೇರೆ ದಿನ, ಬೇರೆ ಹೊತ್ತಿನಲ್ಲಿ ಇನ್ನೊಮ್ಮೆ ಎಣಿಸಲಿ. ಎರಡರ ವ್ಯತ್ಯಾಸ ಯಾಕೆ ಬಂತೆಂದು ಮನೆಯಲ್ಲಿ ಚರ್ಚೆ ಮಾಡಿ. ದೊಡ್ಡವರು ಯಾವುದಾದರೂ ಒಂದು ಹೊಟೇಲು ಕಂಪನಿಯ ವಾರ್ಷಿಕ ವರದಿ ಇಳಿಸಿಕೊಂಡು ಮೇಲಿನ ಐದು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಕೊಳ್ಳುವುದಕ್ಕಲ್ಲ, ಬರೀ ಅಭ್ಯಾಸಕ್ಕೆ. ಈ ಅಂಕಣದಲ್ಲಿ ಬಂದ ಕಂಪನಿಗಳ ಹೆಸರು ನೋಡಿ ಕೊಳ್ಳಲೂ ಹೋಗಬೇಡಿ, ಮಾರಲೂ ಹೋಗಬೇಡಿ. ನಾನು ಹೇಳಿದ್ದೂ ಪತ್ರಿಕೆಯಲ್ಲಿ ಬಂದ ಮಾತೇ ತಾನೇ!